ಒಂದು ಎಲಿ ಎತ್ತವ್ವ

ಒರಾಕಲ್ ಕಾರ್ಡ್ ಅಂದರೆ ಏನು ಅಂತ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ಗಿಳಿ ಶಾಸ್ತ್ರದ ಮಾತು ಎತ್ತುತ್ತೇನೆ. ವಿಜಯಪುರದಲ್ಲಿ ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಅಡ್ಡಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಪಂಜರದ ಬಾಗಿಲು ತೆಗೆದರೆ ಗಿಳಿ ಹೊರಗೆ ಬರುತ್ತದೆ. ಸಾಲಾಗಿ ಇಟ್ಟ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು ಹಾಕುತ್ತದೆ. ಒಂದು ಕಾಳು ತಿಂದು ವಾಪಸ್ ಒಳಗೆ ಹೋಗುತ್ತದೆ. ಕಾರ್ಡಿನಲ್ಲಿ ಒಂದು ದೇವರ ಚಿತ್ರ ಇರುತ್ತದೆ, ಅದನ್ನು ನೋಡಿ ಗಿಳಿಯ ಯಜಮಾನ ಭವಿಷ್ಯ ಹೇಳುತ್ತಾನೆ. ಒರಾಕಲ್ ಕಾರ್ಡೂ ಹೆಚ್ಚುಕಡಿಮೆ ಅದೇ. ಆದರೆ ಇಲ್ಲಿ ಗಿಳಿಯೂ ಇಲ್ಲ, ಹೇಳುವವನೂ ಇಲ್ಲ. ಎತ್ತುವವರೂ ನಾವೇ, ಓದುವವರೂ ನಾವೇ. ಇದರ ಕಷ್ಟವೂ ಅಲ್ಲೇ ಇದೆ, ಸೊಗಸೂ ಅಲ್ಲೇ ಇದೆ.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ದೇವರ ಮೇಲೆ ಭಕ್ತಿ ಇದೆ, ಜಾತಕದ ಮೇಲೆ ಅಷ್ಟಕ್ಕಷ್ಟೇ. ಈ ಕಾರ್ಡುಗಳ ಹಿಂದೆ ಬಿದ್ದದ್ದು ಭವಿಷ್ಯದ ಆಸೆಗಲ್ಲ, ಚಿತ್ರದ ಆಸೆಗೆ. ಪುಣೆಯಲ್ಲಿರುವ ತಮ್ಮನ ಮಗಳು ದೀಪಾವಳಿಗೆ ಬಂದಾಗ ಬ್ಯಾಗಿನಿಂದ ಒಂದು ಗಟ್ಟಿ ಡಬ್ಬಿ ತೆಗೆದು ಕೈಗಿಟ್ಟಳು. "ಅತ್ತಿ, ನಿನಗ ಚಿತ್ರ ಅಂದ್ರ ಜೀವ ಅಲ್ಲ? ನೋಡು ಇದನ್ನ" ಅಂದಳು. ಒಳಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ 44 ಕಾರ್ಡು, ಜೊತೆಗೆ ಒಂದು ಸಣ್ಣ ಪುಸ್ತಕ. ಜಿಂಕೆ, ತೋಳ, ಗೂಬೆ, ಹಿಮ ಬಿದ್ದ ಕಾಡು. ಜಲವರ್ಣದ ಕೆಲಸ. ಒದ್ದೆ ಕಾಗದದ ಮೇಲೆ ಬಣ್ಣವನ್ನು ತನ್ನಷ್ಟಕ್ಕೆ ಹರಿಯಲು ಬಿಟ್ಟು, ಆಮೇಲೆ ಸಣ್ಣ ಬ್ರಶ್ಶಿನಿಂದ ರೋಮ ರೋಮ ತೆಗೆದಿದ್ದರು. ಪ್ರತಿ ಚಿತ್ರದ ಕೆಳಗೂ ಒಂದೊಂದು ಪದ: ತಾಳ್ಮೆ, ಗಡಿ, ವಿಶ್ರಾಂತಿ ಇಂಥವು. ಅವತ್ತು ಊಟಕ್ಕೆ ಕರೆದರೂ ನಾನು ಏಳಲಿಲ್ಲ.

ನಮ್ಮ ಮನೆಯವರು ಬಂದು ನೋಡಿ, "ಏನ್ ನಡೀತು, ಇಸ್ಪೀಟ್ ಎಲಿ ಚಲೋ ಹಾಸೀರಲ್ಲ" ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಇದಕ್ಕೆ ಎಲಿ ಅನ್ನುವುದೇ ರೂಢಿ ಆಗಿಬಿಟ್ಟಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಕೊಳ್ಳುವವರಿಗೆ ಉಪಯೋಗ ಆಗಬಹುದು. ನಮ್ಮ ಶಾಲೆಯ ಒಬ್ಬ ಮೇಡಂ ಇದೇ ಡೆಕ್ಕನ್ನು, ಅಂದರೆ ಇದೇ ಕಾರ್ಡಿನ ಕಟ್ಟನ್ನು, ಆನ್‌ಲೈನ್‌ನಲ್ಲಿ ಕಾಲು ಬೆಲೆಗೆ ತರಿಸಿದರು. ಬಂದದ್ದು ನಕಲಿ. ಎರಡನ್ನೂ ಪಕ್ಕದಲ್ಲಿಟ್ಟರೆ ಚಿಕ್ಕ ಹುಡುಗರಿಗೂ ಗೊತ್ತಾಗುವಂತಿತ್ತು. ಕಾರ್ಡು ಸಣ್ಣವು, ತೆಳ್ಳಗೆ, ಮೇಲೆ ಜಾರುವಂಥ ಹೊಳಪು. ಪುಸ್ತಕವೇ ಇಲ್ಲ, ಅದರ ಬದಲು ಒಂದು ಕ್ಯೂಆರ್ ಕೋಡ್. ಡಬ್ಬಿಯ ಮೇಲೆ ಪ್ರಕಾಶಕರ ವಿಳಾಸವೂ ಇಲ್ಲ, ಐಎಸ್‌ಬಿಎನ್ ನಂಬರೂ ಇಲ್ಲ. ತೋಳದ ಕಣ್ಣಿನಲ್ಲಿದ್ದ ಹಳದಿ ಚುಕ್ಕೆ ಮುದ್ರಣದಲ್ಲಿ ಕಲಸಿ ಹೋಗಿತ್ತು. ಚಿತ್ರ ಬಿಡಿಸಿದವರಿಗೆ ಆ ದುಡ್ಡಿನಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ ಅನ್ನುವುದು ನನಗೆ ಜಾಸ್ತಿ ಸಿಟ್ಟು ತರಿಸಿತು.

ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಒಂದು ಎಲಿ. ಇದೇ ಎಲ್ಲರೂ ಹೇಳುವ ಕ್ರಮ, ನಾನೂ ಹಾಗೇ ಶುರು ಮಾಡಿದೆ. ಕಲೆಸುವುದು, ಕಟ್ ಮಾಡುವುದು, ಮೇಲಿನದನ್ನು ತೆಗೆಯುವುದು. ಕಾರ್ಡು ದೊಡ್ಡವಾದ್ದರಿಂದ ಇಸ್ಪೀಟಿನ ಹಾಗೆ ಎರಡು ಗುಂಪು ಮಾಡಿ ಫರ್ ಅಂತ ಸೇರಿಸಲು ಆಗುವುದಿಲ್ಲ, ಬಾಗಿಬಿಡುತ್ತವೆ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಗೆ ಸ್ವಲ್ಪ ಸ್ವಲ್ಪ ಸುರಿಯಬೇಕು. ಕಲೆಸುವಾಗ ಒಂದೊಂದು ಸಲ ಒಂದು ಕಾರ್ಡು ತಾನೇ ಹಾರಿ ಕೆಳಗೆ ಬೀಳುತ್ತದೆ. ಅದನ್ನು ಜಂಪರ್ ಅನ್ನುತ್ತಾರೆ, ಅದಕ್ಕೆ ವಿಶೇಷ ಅರ್ಥ ಇದೆ ಎಂದು ನಂಬುವವರಿದ್ದಾರೆ. ನನ್ನ ಕೈ ಸಣ್ಣದು, ದಿನಾ ಎರಡು ಮೂರು ಬೀಳುತ್ತಿದ್ದವು. ಎಲ್ಲಕ್ಕೂ ಅರ್ಥ ಕೊಡುತ್ತಾ ಕೂತರೆ ಶಾಲೆಯ ಬೆಲ್ ಹೊಡೆದಿರುತ್ತದೆ. ಎತ್ತಿ ಒಳಗೆ ಹಾಕುತ್ತಿದ್ದೆ.

ಡೆಕ್ಕನ್ನು ಹುಣ್ಣಿಮೆ ಬೆಳಕಿನಲ್ಲಿ ಇಡಬೇಕು, ಸೇಜ್ ಎಲೆಯ ಹೊಗೆ ಕೊಡಬೇಕು, ಹರಳು ಇಡಬೇಕು ಅಂತಲೂ ಹೇಳುತ್ತಾರೆ. ಸೇಜ್ ಎಲೆ ಎಲ್ಲಿಂದಲೋ ಬಂದದ್ದು, ಬೆಲೆಯೂ ಜಾಸ್ತಿ. ನಮ್ಮ ಮನೆಯಲ್ಲಿ ಶುಕ್ರವಾರ ಲೋಬಾನ ಹಾಕುತ್ತೇವೆ, ಅದೇ ಹೊಗೆ ಎಲಿಗೂ ಸಿಗುತ್ತದೆ. ಅಷ್ಟು ಸಾಕು.

ಒಂದು ವಿಷಯದಲ್ಲಿ ಮಾತ್ರ ಶಿಸ್ತು ಇಟ್ಟುಕೊಂಡಿದ್ದೆ. ಪುಸ್ತಕ ತೆಗೆಯುವ ಮೊದಲು ಚಿತ್ರವನ್ನು ಚೆನ್ನಾಗಿ ನೋಡುವುದು, ಕಂಡದ್ದನ್ನು ಡೈರಿಯಲ್ಲಿ ಬರೆಯುವುದು. ಆಮೇಲೆ ಪುಸ್ತಕ. ರಾತ್ರಿ ಮಲಗುವಾಗ ಕೆಳಗೆ ಇನ್ನೊಂದು ಸಾಲು, ದಿನ ಹೇಗೆ ಹೋಯಿತು ಎಂದು.

ಒಂದು ದಿನ ಕರಡಿಯ ಕಾರ್ಡು ಬಂತು. ಗುಹೆಯೊಳಗೆ ಮಲಗಿದ ಕರಡಿ, ಹೊರಗೆ ಹಿಮ. ಕೆಳಗೆ ವಿಶ್ರಾಂತಿ ಎಂಬ ಪದ. ಪುಸ್ತಕದಲ್ಲಿ ಒಂದು ಪುಟ ಪೂರ್ತಿ, ದೇಹಕ್ಕೆ ದಣಿವಾಗಿದೆ, ನಿದ್ದೆ ಮಾಡಿ, ಬಿಸಿ ನೀರಿನ ಸ್ನಾನ ಮಾಡಿ ಎಂದು. ಆದರೆ ನಾನು ಚಿತ್ರ ನೋಡುವಾಗ ಕಂಡದ್ದು ಬೇರೆ. ಕರಡಿಯ ಒಂದು ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಕೆಳಗೆ ಕೂದಲೆಳೆಯಷ್ಟು ಬಿಳಿ ಬಿಟ್ಟಿದ್ದರು. ಕಿವಿಯೂ ಗುಹೆಯ ಬಾಯಿಯ ಕಡೆಗೆ ತಿರುಗಿತ್ತು. ಇದು ಮಲಗಿಲ್ಲ, ಯಾರಾದರೂ ಕರೆಯುತ್ತಾರೇನೋ ಅಂತ ಕಾಯುತ್ತಿದೆ ಎಂದು ಡೈರಿಯಲ್ಲಿ ಬರೆದೆ. ಬರೆದ ಮೇಲೆ ನನಗೇ ನಗು ಬಂತು. ಆ ವಾರ ಪ್ರತಿಭಾ ಕಾರಂಜಿ ಇತ್ತು. ಪ್ರತಿ ವರ್ಷ ಸ್ಟೇಜ್ ಡೆಕೋರೇಷನ್ ನನ್ನ ತಲೆಗೇ. ಈ ಸಲ ಬೇರೆಯವರಿಗೆ ಕೊಟ್ಟಿದ್ದರು. ಹೋಗಲಿ ಬಿಡು, ಆರಾಮಾಯಿತು ಎಂದು ಎಲ್ಲರಿಗೂ ಹೇಳಿಕೊಂಡು ಅಡ್ಡಾಡುತ್ತಿದ್ದೆ. ಕರೆಯಲಿಲ್ಲವಲ್ಲ ಅನ್ನುವ ಸಂಕಟ ಒಳಗೆ ಇದ್ದದ್ದು ನನಗೂ ಗೊತ್ತಿರಲಿಲ್ಲ.

ಪ್ರಶ್ನೆ ಕೇಳುವುದರ ಬಗ್ಗೆ ಎರಡು ಮಾತು. ಆಗುತ್ತದೋ ಇಲ್ಲವೋ ಎಂದು ಕೇಳಿದರೆ ಒರಾಕಲ್ ಕಾರ್ಡು ಬಾಯಿ ಬಿಡುವುದಿಲ್ಲ. ಗುಡಿಯಲ್ಲಿ ದೇವರ ಹತ್ತಿರ ಹೂ ಕೇಳುತ್ತೇವಲ್ಲ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅಂಥ ಕೆಲಸಕ್ಕೆ ಇದು ಬರುವುದಿಲ್ಲ. ನಾನು ಏನನ್ನು ನೋಡುತ್ತಿಲ್ಲ, ನಾನು ಏನು ಮಾಡಬಹುದು ಎಂದು ಕೇಳಿದರೆ ಚಿತ್ರಕ್ಕೆ ಮಾತಾಡಲು ಜಾಗ ಸಿಗುತ್ತದೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದು ಸುಮ್ನೆ ತಲೆಬೇನೆ. ಒಂದೇ ಪ್ರಶ್ನೆಯನ್ನು ಬೇಕಾದ ಉತ್ತರ ಬರುವ ತನಕ ಕೇಳುವುದೂ ಹಾಗೇ. ಜ್ವರ, ಕೋರ್ಟು, ಸಾಲ ಇವಕ್ಕಂತೂ ಎಲಿ ಮುಟ್ಟಲೇಬಾರದು, ಅದಕ್ಕೆ ಡಾಕ್ಟರು, ವಕೀಲರು, ಬ್ಯಾಂಕಿನವರು ಇದ್ದಾರೆ.

ಶಾಲೆಗೆ ಡೆಕ್ ಒಯ್ದ ದಿನ ಸ್ಟಾಫ್ ರೂಮಿನಲ್ಲಿ ಗದ್ದಲವೋ ಗದ್ದಲ. ಗಣಿತದ ಸರ್ ಮಾತ್ರ ದೂರ ಕೂತು ಚಹಾ ಕುಡಿಯುತ್ತಿದ್ದರು. "ಮೇಡಂ, ಇದಕ್ಕ ಬುಡ ಎಲ್ಲೈತ್ರಿ?" ಎಂದರು. ನಾನು ಓದಿಕೊಂಡದ್ದನ್ನು ಹೇಳಿದೆ. ಭವಿಷ್ಯಕ್ಕೆ ಬಳಸುವ ಟ್ಯಾರೋ ಕಾರ್ಡು ಬೇರೆ, ಒರಾಕಲ್ ಬೇರೆ. ಟ್ಯಾರೋದಲ್ಲಿ ಲೆಕ್ಕ ಗಟ್ಟಿ, 78 ಕಾರ್ಡು, ಅದರಲ್ಲಿ ಮಹತ್ವದಲ್ಲಿ 22 ದೊಡ್ಡವು, 56 ಸಣ್ಣವು. 15ನೇ ಶತಮಾನದ ಇಟಲಿಯಲ್ಲಿ ಅದು ಬರೀ ಆಟ. ಭವಿಷ್ಯಕ್ಕೆ ಬಳಸುವುದು ಫ್ರಾನ್ಸಿನಲ್ಲಿ 18ನೇ ಶತಮಾನದಲ್ಲಿ ಜೋರಾಯಿತು. ಇವತ್ತು ಎಲ್ಲೆಡೆ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಬಂದ ಡೆಕ್ಕಿನವು. ಅವನ್ನು ಬಿಡಿಸಿದಾಕೆ ಪಮೇಲಾ ಕೋಲ್ಮನ್ ಸ್ಮಿತ್. ಕೆಲಸ ರಾಶಿ, ದುಡ್ಡು ಮಾತ್ರ ಚಿಲ್ಲರೆ ಎಂದು ಆಕೆಯೇ ಕಾಗದ ಬರೆದಿದ್ದಳು. ಡೆಕ್ಕಿಗೆ ಬಹಳ ಕಾಲ ಪ್ರಕಾಶಕನ ಹೆಸರು, ಬರೆಸಿದವನ ಹೆಸರು ಇತ್ತು, ಬಿಡಿಸಿದವಳ ಹೆಸರಿಲ್ಲ. ಡ್ರಾಯಿಂಗ್ ಟೀಚರ್ ಗತಿ ಎಲ್ಲ ಕಡೆ ಒಂದೇ ನೋಡ್ರಿ ಎಂದೆ. ಅದಕ್ಕೆ ಮಾತ್ರ ಸರ್ ನಕ್ಕರು.

ಒರಾಕಲ್ ಡೆಕ್ಕಿಗೆ ಇಂಥ ಲೆಕ್ಕ ಇಲ್ಲ. ಮಾಡಿದವರಿಗೆ ತೋಚಿದಷ್ಟು ಕಾರ್ಡು, ತೋಚಿದ ಚಿತ್ರ. ಇವೆರಡರ ನಡುವೆ ಲೆನಾರ್ಮಾಂಡ್ ಎಂಬ 36 ಕಾರ್ಡಿನ ಡೆಕ್ ಒಂದಿದೆ. ಮನೆ, ಮರ, ಮೋಡ, ಹಾವು, ಕುಡುಗೋಲು, ನರಿ, ಇಲಿ, ಉಂಗುರ, ಬೀಗದ ಕೈ, ಮೀನು, ಲಂಗರು. ಎಲ್ಲ ದಿನಾ ನೋಡುವ ವಸ್ತು. ಅದರ ಮೂಲ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1799ರ ಸುಮಾರಿಗೆ ಹೆಕ್ಟೆಲ್ ಎಂಬಾತ ಮಾಡಿದ ಮನೆ ಆಟ. ಸಾಲಿಗೆ ಆರರಂತೆ ಆರು ಸಾಲು ಹಾಸಿ, ದಾಳ ಉರುಳಿಸಿ ಕಾಯಿ ನಡೆಸುವುದು. 35ನೇದಾದ ಲಂಗರಿಗೆ ಮುಟ್ಟಿದವರು ಗೆದ್ದಂತೆ. ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಭವಿಷ್ಯಗಾರ್ತಿ ಮಾರಿ ಆನ್ ಲೆನಾರ್ಮಾಂಡ್ 1843ರಲ್ಲಿ ತೀರಿಕೊಂಡ ಮೇಲೆ ಯಾರೋ ವ್ಯಾಪಾರಸ್ಥರು ಈ ಕಾರ್ಡುಗಳಿಗೆ ಆಕೆಯ ಹೆಸರು ಹಚ್ಚಿ ಮಾರಿದರು.

"ಅಂದ್ರ ಬುಡ ಇಲ್ಲ ಅಂದಂಗಾತು" ಅಂದರು ಸರ್.

ನಾನು ಇಲ್ಲ ಅನ್ನಲಿಲ್ಲ. ಒಂದು ಎಲಿ ಎತ್ತ್ರಿ ಎಂದೆ. ಎತ್ತಿದರು. ನಾನು ಅದನ್ನು ಅವರಿಗೆ ತೋರಿಸದೆ, ಪುಸ್ತಕ ತೆಗೆದು ಬೇಕಂತಲೇ ಬೇರೆ ಕಾರ್ಡಿನ ಪುಟ ಓದಿದೆ. ನಿಮಗೆ ಒಳಗೊಂದು ಶಕ್ತಿ ಇದೆ, ಅದನ್ನು ಇನ್ನೂ ಪೂರ್ತಿ ಬಳಸಿಲ್ಲ, ಹೊರಗೆ ಗಟ್ಟಿ ಕಂಡರೂ ಒಳಗೆ ಯೋಚನೆ ಜಾಸ್ತಿ, ಇತ್ಯಾದಿ. ಸರ್ ಲೋಟ ಕೆಳಗಿಟ್ಟು, "ಇದು ಖರೇನ ಐತಿ ಬಿಡ್ರಿ" ಎಂದರು. ಆಗ ಗುಟ್ಟು ಬಿಟ್ಟೆ. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ಇದನ್ನೇ ತಮ್ಮ ವಿದ್ಯಾರ್ಥಿಗಳ ಮೇಲೆ ಮಾಡಿದ್ದರು. ಪರೀಕ್ಷೆ ಮಾಡಿ, ಇದು ನಿನ್ನೊಬ್ಬನದೇ ವರದಿ ಎಂದು 39 ಜನರಿಗೂ ಒಂದೇ ಕಾಗದ ಹಂಚಿದರು. ಸಾಲುಗಳೆಲ್ಲ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದು. ನಿನಗೆ ಎಷ್ಟು ಹೊಂದುತ್ತದೆ, 5ಕ್ಕೆ ಎಷ್ಟು ಅಂಕ ಎಂದು ಕೇಳಿದರೆ ಸರಾಸರಿ 4.26 ಬಂತು. ಎಲ್ಲರಿಗೂ ಹೊಂದುವ ಮಾತನ್ನು ನಮಗೇ ಹೇಳಿದ್ದು ಅಂದುಕೊಳ್ಳುವುದು ಮನುಷ್ಯನ ಗುಣ.

"ಹಂಗಾರ ಎಲ್ಲಾ ಸುಳ್ಳ" ಎಂದರು ಸರ್, ಖುಷಿಯಲ್ಲಿ. ನಾನು ಅವರು ಎತ್ತಿದ ಅಸಲಿ ಕಾರ್ಡನ್ನು ಟೇಬಲ್ ಮೇಲೆ ಇಟ್ಟೆ. ಸುಮ್ಮನೆ ಇಟ್ಟೆ, ಪುಸ್ತಕ ಮುಚ್ಚಿಯೇ ಇತ್ತು. ಚಿತ್ರದಲ್ಲಿ ಒಂದು ತೋಳ ಸಣ್ಣ ಹಳ್ಳದ ದಂಡೆಯಲ್ಲಿ ನಿಂತಿದೆ. ಹಳ್ಳ ಒಂದು ಜಿಗಿತದಷ್ಟು ಅಗಲ. ಆ ದಂಡೆಯಲ್ಲಿ ದೀಪ ಹಚ್ಚಿದ ಒಂದು ಗುಡಿಸಲು. ಸರ್ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಯಾರೂ ಕೇಳದೆ, "ಇದು ನಮ್ಮಣ್ಣನ ಮನಿ ಮುಂದ ನಾ ನಿಂತಂಗ ಐತಿ" ಅಂದರು. ಹೊಲದ ಪಾಲು ಆದ ಮೇಲೆ ಅಣ್ಣ ತಮ್ಮ ಮಾತು ಬಿಟ್ಟಿದ್ದರಂತೆ. ದಿನಾ ಅದೇ ರಸ್ತೆಯಲ್ಲಿ ಬೈಕ್ ಹಾಯಿಸುತ್ತಾರಂತೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ಡಬ್ಬಿ ಹಂಚಿಕೊಂಡಿದ್ದೇವೆ, ನಮಗ್ಯಾರಿಗೂ ಈ ವಿಷಯ ಗೊತ್ತಿರಲಿಲ್ಲ.

ಪುಸ್ತಕದ ಮಾತು ಯಾರಿಗಾದರೂ ಹೊಂದುತ್ತದೆ. ಸರ್ ಆಡಿದ ಮಾತು ಅವರೊಬ್ಬರದೇ. ಕಾರ್ಡು ಹೇಳುವುದಿಲ್ಲ, ನಮ್ಮ ಬಾಯಿಂದ ಹೇಳಿಸುತ್ತದೆ ಅನ್ನುವುದು ನನಗೆ ಅವತ್ತು ಖಾತ್ರಿಯಾಯಿತು. ಕಣಿ ಹೇಳುವಾಕೆಯ ಮುಂದೆ ಕೂತರೆ ನಾವು ಬಾಯಿ ಮುಚ್ಚಿ ಕೇಳಬೇಕು. ಬುಡಬುಡಕಿಯವ ನಮಗೆ ಮಾತಾಡಲು ಬಿಡುವುದೇ ಇಲ್ಲ. ಇಲ್ಲಿ ಎಲಿ ಹಾಸಿದವರು ಬಾಯಿ ಮುಚ್ಚಬೇಕು, ಎತ್ತಿದವರು ಮಾತಾಡಬೇಕು. ಆ ಪುಸ್ತಕವನ್ನು ನಾನು ಡಬ್ಬಿಯಿಂದ ತೆಗೆದು ಕಪಾಟಿಗೆ ಸೇರಿಸಿದೆ. ಅಲ್ಲೇ ಇದೆ ಈಗಲೂ.

ಇದೇನು ಹೊಸದಾಗಿ ವಿದೇಶದಿಂದ ಬಂದ ಹುಚ್ಚು ಎಂದು ಕೆಲವರು ಮೂಗು ಮುರಿಯುತ್ತಾರೆ. ನಮ್ಮ ಊರಿನ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ಪಕ್ಕದ ಮನೆಯ ಖಾಲಾ ಕಾರ್ಡು ನೋಡಿದ ಕೂಡಲೇ, "ಇದು ಫಾಲ್ ತೆಗದಂಗ ಅಲ್ಲೇನ್ರಿ ಟೀಚರ್?" ಎಂದರು. ಫಾಲ್ ಅಂದರೆ ಶಕುನ. ಅವರ ಅಬ್ಬಾ ಏನಾದರೂ ಕೆಲಸ ಹಿಡಿಯುವ ಮೊದಲು ಫಾರ್ಸಿಯ ಹಾಫಿಜ್ ಕವಿಯ ದಿವಾನ್, ಅಂದರೆ ಕವಿತೆಗಳ ಪುಸ್ತಕ, ತೆಗೆದು, ಕಣ್ಣು ಮುಚ್ಚಿ ಪುಟ ತೆರೆದು, ಬೆರಳು ಬಿದ್ದಲ್ಲಿ ಓದುತ್ತಿದ್ದರಂತೆ. ಫಾರ್ಸಿ ಬಲ್ಲ ನಾಡುಗಳಲ್ಲಿ ಇದು ತೀರಾ ಹಳೆಯ ಪದ್ಧತಿ. ಪೂರ್ತಿ ಶಕುನಕ್ಕೆಂದೇ ಚಿತ್ರ ಬರೆಸಿದ ಫಾಲ್‌ನಾಮಾ ಎಂಬ ಪುಸ್ತಕಗಳೂ ಇವೆ. ನಮ್ಮ ವಿಜಯಪುರದ ಆದಿಲ್ ಶಾಹಿ ಅರಮನೆಯಲ್ಲೇ, ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1570ರಲ್ಲಿ ನುಜೂಮ್ ಅಲ್ ಉಲೂಮ್ ಎಂಬ ದೊಡ್ಡ ಚಿತ್ರಗ್ರಂಥ ತಯಾರಾಯಿತು. ಗ್ರಹ, ರಾಶಿ, ತಾಯಿತ, ಮಂತ್ರ, ಆನೆ, ಕುದುರೆ, ಆಯುಧ, ಎಲ್ಲ ಅದರಲ್ಲಿದೆ. ಈಗ ಅದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಚಿತ್ರಗಳನ್ನು ನಾನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದ್ದೇನೆ. ನಮ್ಮ ಊರಲ್ಲಿ ಬರೆದದ್ದನ್ನು ನೋಡಲು ನೆಟ್ ಪ್ಯಾಕ್ ಹಾಕಿಸಬೇಕು, ಅದೊಂದು ಬೇರೆ ಕಥೆ.

ಆದರೆ ತೋಳ, ಹಿಮ, ಕರಡಿ ಎಷ್ಟು ದಿನ? ಚಂದ ಇದ್ದವು, ಒಪ್ಪುತ್ತೇನೆ. ಮೈ ಸುಡುವ ಏಪ್ರಿಲ್ ಬಿಸಿಲಿನಲ್ಲಿ ಹಿಮದ ಕಾರ್ಡು ಬಂದರೆ ತಣ್ಣಗಾಯಿತು ಅನಿಸುವುದೂ ನಿಜ. ಆದರೂ ನಾನು ಹಿಮ ಕಂಡವಳಲ್ಲ. ಅದು ಏನೇ ನೆನಪಿಸಿದರೂ ಸಿನಿಮಾದ ನೆನಪೇ. ಹಾಗಾಗಿ ನಮ್ಮದೇ ಎಲಿ ಮಾಡೋಣ ಎಂದು ಬೇಸಿಗೆ ರಜೆಯಲ್ಲಿ ಕೂತೆ. ಲೆನಾರ್ಮಾಂಡ್ ಲೆಕ್ಕ ಹಿಡಿದು 36 ಅಂದುಕೊಂಡೆ. ದಿನಾ ನೋಡುವ ವಸ್ತು ಎಂಬ ಅದರ ಬುದ್ಧಿಯೂ ಹಿಡಿಸಿತ್ತು.

ಏನು ಬರೆಯುವುದು ಅನ್ನುವುದರಲ್ಲೇ ಅರ್ಧ ರಜೆ ಹೋಯಿತು. ಮೊದಲು ಬಂದದ್ದು ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸಲು ತೊಡಗಿದ ಗೋರಿ. 1672ರಲ್ಲಿ ಅವನು ತೀರಿಕೊಂಡ, ಕಮಾನುಗಳು ಹಾಗೇ ಆಕಾಶ ನೋಡುತ್ತಾ ನಿಂತವು. ಅರ್ಧಕ್ಕೆ ನಿಂತ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿ ಸಿಗಬೇಕು? ಆಮೇಲೆ ಡೋಣಿ ಹೊಳೆ. ನೀರು ಸವುಳು, ಕುಡಿಯಲು ಬರುವುದಿಲ್ಲ. ಆದರೆ ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ನಮ್ಮ ಕಡೆ ಮಾತಿದೆ. ಮೈದುಂಬಿ ಬಂದರೆ ಹೊಲಕ್ಕೂ ನುಗ್ಗುತ್ತದೆ. ಕೊಡುವುದೂ ಅದೇ, ಕಸಿಯುವುದೂ ಅದೇ. ಮೆಟ್ಟಿಲಿಳಿಯುವ ಬಾವಡಿ, ಹಳೆಯ ಸೀರೆಯ ಕೌದಿ, ಕಟ್ಟಿಟ್ಟ ಬುತ್ತಿ, ಬಾಗಿಲ ಚಿಲಕ, ಎಳ್ಳಮಾಸಿಯಲ್ಲಿ ಚರಗ ಚೆಲ್ಲುವ ಕೈ, ತುಂಬಿದ ಉಡಿ, ಕೊನೆಯ ಬಸ್ಸು, ಗುಮ್ಮಟದ ಪಿಸುಮಾತಿನ ಗ್ಯಾಲರಿ, ಜೋಳ ತುಂಬುವ ಹಗೇವು. ದೇವರನ್ನು ಯಾವುದರಲ್ಲೂ ಬರೆಯಲಿಲ್ಲ. ದೇವರ ಚಿತ್ರ ಬಂದರೆ ಜನ ಕೈ ಮುಗಿಯುತ್ತಾರೆ, ಮಾತಾಡುವುದಿಲ್ಲ. ಕೆಳಗೆ ಪದವನ್ನೂ ಬರೆಯಲಿಲ್ಲ. ಪದ ಇದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಚಿತ್ರ ನೋಡುವುದೇ ಇಲ್ಲ.

ಕಾರ್ಡಿಗೆ ಹಲಗೆ ಬೇಕಲ್ಲ. ನಮ್ಮ ಮನೆಯಲ್ಲಿ ಲಗ್ನಪತ್ರಿಕೆಗೆ ಬರವಿಲ್ಲ. ಗಟ್ಟಿ ಕಾಗದ, ಬಿಸಾಡಲು ಮನಸ್ಸು ಬರುವುದಿಲ್ಲ. ಅವನ್ನೇ ಎರಡೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದ ಕತ್ತರಿಸಿದೆ. ಆದರೆ ಬೆನ್ನು ಒಂದೊಂದು ಒಂದೊಂದು ಥರ, ನೋಡಿದ ಕೂಡಲೇ ಯಾವ ಕಾರ್ಡು ಎಂದು ಗುರುತು ಸಿಕ್ಕಿಬಿಡುತ್ತದೆ. ಅದಕ್ಕೆ ನೋಟ್‌ಬುಕ್ಕಿಗೆ ಹಾಕುವ ಖಾಕಿ ಕಾಗದವನ್ನು ಎಲ್ಲದರ ಬೆನ್ನಿಗೂ ಅಂಟಿಸಿದೆ. ಮುಂದಕ್ಕೆ ಡ್ರಾಯಿಂಗ್ ಶೀಟು. ಒಂದು ಕಡೆ ಮಾತ್ರ ಅಂಟಿಸಿದರೆ ಒಣಗುವಾಗ ಹಲಗೆ ದೋಣಿಯಾಗುತ್ತದೆ. ಎರಡೂ ಕಡೆ ಒಟ್ಟಿಗೇ ಹಚ್ಚಿ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಕಬ್ಬಿಣದ ಟ್ರಂಕಿನ ಅಡಿ ಒತ್ತಿಡಬೇಕು.

ಅಂಟಿನ ಬುದ್ಧಿ ಬಂದದ್ದು ಮಹಾರಾಷ್ಟ್ರದ ಸಾವಂತವಾಡಿಯಿಂದ. ಒಮ್ಮೆ ಮಕ್ಕಳ ಪ್ರವಾಸದಲ್ಲಿ ಬೆಳಗಾವಿ ದಾಟಿ ಅಂಬೋಲಿ ಘಾಟ್ ಇಳಿದು ಅಲ್ಲಿಯ ಅರಮನೆಗೆ ಹೋಗಿದ್ದೆವು. ಅಲ್ಲಿ ಗಂಜೀಫಾ ಎಂಬ ಹಳೆಯ ಆಟದ ಎಲಿ ಬರೆಯುತ್ತಾರೆ. ದುಂಡನೆಯ ಎಲಿ, ದಶಾವತಾರದ್ದಾದರೆ ಒಂದೊಂದು ಅವತಾರಕ್ಕೆ 12ರಂತೆ 120. ಹಳೆಯ ಕಾಲದಿಂದ ಅದಕ್ಕೆ ಹುಣಸೆ ಬೀಜದ ಅಂಟು. ನಾನೂ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದೆ. ಹುಳ ಹತ್ತಬಾರದು ಅಂತ ಬುಕ್ ಬೈಂಡಿಂಗಿನವರು ಹಾಕುವ ಹಾಗೆ ಒಂದು ಚಿಟಿಕೆ ಮೈಲುತುತ್ತ. ಅದು ವಿಷ, ಅಡಿಗೆ ಪಾತ್ರೆಯಲ್ಲಿ ಕಲೆಸಬಾರದು. ಒಣಗಿದ ಮೇಲೆ ಕಾರ್ಡು ಎಷ್ಟು ಗಟ್ಟಿ ಅಂದರೆ ಟೇಬಲ್ ಮೇಲೆ ಬಡಿದರೆ ಟಕ್ ಎನ್ನುತ್ತದೆ. ಮೂಲೆಗಳನ್ನು ನೇಲ್ ಕಟರ್‌ನಿಂದ ದುಂಡಗೆ ಮಾಡಿದೆ. ಮೇಲೆ ತೆಳುವಾಗಿ ವಾರ್ನಿಷ್. ಬಣ್ಣ ಸ್ವಲ್ಪ ಹಳದಿಗೆ ತಿರುಗಿತು, ಇರಲಿ. ಲ್ಯಾಮಿನೇಶನ್ ಮಾಡಿಸಿದರೆ ಜಾರುತ್ತದೆ, ಕೈಗೆ ಹಿತ ಇರುವುದಿಲ್ಲ.

ಈ ಎಲಿಯನ್ನು ನಾನು ಮೊದಲು ಒಯ್ದದ್ದು ಅವ್ವನ ಹತ್ತಿರ. ಅವ್ವ ಇರುವುದು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ. ನಮ್ಮ ಮೂಲ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ. ತಮ್ಮ ಪುಣೆಗೆ ಕರೆದ, ಒಲ್ಲೆ ಅಂದಳು. ನಾನು ವಿಜಯಪುರಕ್ಕೆ ಕರೆದೆ, ನೋಡೋಣ ಅಂದಳು. ನೋಡೋಣ ಎಂದರೆ ಒಲ್ಲೆ ಎಂದೇ ಲೆಕ್ಕ. ಅವ್ವನನ್ನು ಹೇಗೆ ಒಪ್ಪಿಸಲಿ ಎಂದು ನಾನು ಹಳೆಯ ಡೆಕ್ಕಿನಲ್ಲಿ ಸಾಕಷ್ಟು ಸಲ ಎಲಿ ಎತ್ತಿದ್ದೆ. ಒಮ್ಮೆ ಗೂಬೆ ಬಂತು, ಒಮ್ಮೆ ಜಿಂಕೆ. ಡೈರಿಯಲ್ಲಿ ಪುಟ ತುಂಬಿದವು, ಅವ್ವ ಮಾತ್ರ ಅಲುಗಲಿಲ್ಲ. ಎಲಿ ಎತ್ತಬೇಕಾದವಳು ನಾನಲ್ಲ ಅಂತ ಅನಿಸಿತು.

ಅವ್ವನಿಗೆ ಓದು ಬರಹ ಬಾರದು. ಪದ ಇಲ್ಲದ ಎಲಿ ಅವಳಿಗೆ ಸರಿಯಾಯಿತು. ಮಧ್ಯಾಹ್ನ ಊಟ ಆದ ಮೇಲೆ ಕಟ್ಟೆಯ ಮೇಲೆ ಚಾಪೆ ಹಾಸಿ ಎಲಿ ಹರಡಿದೆ. "ಒಂದು ಎಲಿ ಎತ್ತವ್ವ" ಅಂದೆ. "ನನಗ್ಯಾಕ ಬೇಕವಾ ಭವಿಷ್ಯ, ಆಗಿದ್ದೆಲ್ಲ ಆಗಿ ಹೋಗೈತಿ" ಅನ್ನುತ್ತಲೇ ಒಂದು ತೆಗೆದಳು. ಹಗೇವು ಬಂತು. ಹಗೇವು ಈಗಿನ ಹುಡುಗರಿಗೆ ಗೊತ್ತಿಲ್ಲದಿರಬಹುದು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ಜೋಳ ಕೆಡದೆ ಇರುತ್ತದೆ. ತೆಗೆದ ಕೂಡಲೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ, ಉಸಿರು ಕಟ್ಟಿ ಸತ್ತವರಿದ್ದಾರೆ.

ಅವ್ವ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. "ಯಾರ್ ಬರದಾರ ಇದನ್ನ?"

"ನಾನ ಅವ್ವ."

"ಬಾಯಿ ಇಷ್ಟ ದೊಡ್ಡದ ಇರೂದಿಲ್ಲ. ಒಬ್ಬ ಮನಷ್ಯಾ ಸಂದ್ಲೆ ಇಳಿಯೂವಷ್ಟ ಇರತೈತಿ. ಮ್ಯಾಲಿನ ಕಲ್ಲ ದುಂಡಗ ಅಲ್ಲ, ಚೌಕ."

ನಾನು ಮಾತಾಡಲಿಲ್ಲ. ಏನು ಕಾಣಿಸುತ್ತದೆ ಎಂದಷ್ಟೇ ಕೇಳಿದೆ. ಅವ್ವ ಕಾರ್ಡನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಶುರು ಮಾಡಿದಳು. ನೀರು ಬರುತ್ತದೆ ಎಂದು ಊರು ಬಿಡುವಾಗ ಎಲ್ಲರೂ ಬಾಗಿಲು, ತೊಲೆ, ಜಂತಿ, ಕಿಟಕಿ ಕಿತ್ತುಕೊಂಡು ಟ್ರ್ಯಾಕ್ಟರಿಗೆ ಹೇರಿದ್ದು ನನಗೂ ನೆನಪಿದೆ. ಹಗೇವನ್ನು ಕೀಳಲು ಬರುವುದಿಲ್ಲವಲ್ಲ. ಜೋಳ ಎಲ್ಲ ತೆಗೆದ ಮೇಲೆ ಅಪ್ಪ ಒಂದು ಸೇರು ವಾಪಸ್ ಒಳಗೆ ಸುರಿದು, ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರಂತೆ. ಬರಿದು ಮಾಡಿ ಹೋಗಬಾರದು ಎಂದು. ಇದನ್ನು ನಾನು ಕೇಳಿದ್ದು ಅದೇ ಮೊದಲು.

"ಮನಿ ಖಾಲಿ ಮಾಡೂದು ಅಂದ್ರ ಏನಂತ ನಿಮಗ ಗೊತ್ತಿಲ್ಲ" ಅಂದಳು ಅವ್ವ. "ಭಾಂಡೆ ಎಲ್ಲಾ ಹೊರಗ ಇಟ್ಟು, ಗ್ವಾಡಿ ಅಷ್ಟ ಉಳದಾಗ ನೋಡಬೇಕು. ನಾ ಇನ್ನೊಮ್ಮೆ ಮನಿ ಖಾಲಿ ಮಾಡಾಂಗಿಲ್ಲ."

ನಾನು ಅಲ್ಲಿಯವರೆಗೆ ಬೇರೆ ಏನೇನೋ ಅಂದುಕೊಂಡಿದ್ದೆ. ಅಳಿಯನ ಮನೆ ಎಂಬ ಸಂಕೋಚ, ಓಣಿಯ ಗೆಳತಿಯರು, ದೇವರ ಗುಡಿ. ನಾವು ಮಕ್ಕಳು ಕರೆದದ್ದೂ ಹಾಗೇ ಇತ್ತು. ಮನೆ ಬಾಡಿಗೆಗೆ ಕೊಡೋಣ, ಸಾಮಾನು ಮಾರೋಣ, ನೀನು ಬಂದುಬಿಡು ಎಂದು. ಅವ್ವ ಒಲ್ಲೆ ಅಂದದ್ದು ವಿಜಯಪುರಕ್ಕಲ್ಲ, ಸಾಮಾನು ಹೊರಗೆ ಇಡುವುದಕ್ಕೆ.

ಆಮೇಲಿನದು ಸಲೀಸು. ಮನೆ ಇದ್ದ ಹಾಗೇ ಇರಲಿ ಎಂದೆವು. ಭಾಂಡೆ ಮಾಡದಲ್ಲೇ ಇರಲಿ, ಹಾಸಿಗೆ ಸುತ್ತಿಟ್ಟಲ್ಲೇ ಇರಲಿ, ಡಬ್ಬಿಯಲ್ಲಿ ಜೋಳ ಇರಲಿ. ಎದುರು ಮನೆಯ ವೈನಿ ಸೋಮವಾರ ಸೋಮವಾರ ಕಸ ಹೊಡೆದು ದೀಪ ಹಚ್ಚುತ್ತಾರೆ. ಅವ್ವ ಒಂದು ಕೈಚೀಲ ಹಿಡಿದು ಬರುತ್ತಾಳೆ, ಬೇಸರ ಬಂದಾಗ ಹೋಗುತ್ತಾಳೆ. ಈಗ ತಿಂಗಳಲ್ಲಿ ಹೆಚ್ಚು ದಿನ ನಮ್ಮಲ್ಲೇ ಇರುತ್ತಾಳೆ. ಹಗೇವಿನ ಕಾರ್ಡನ್ನು ತಿದ್ದಿ ಬರೆದೆ. ಬಾಯಿ ಸಣ್ಣದು ಮಾಡಿದೆ, ಕಲ್ಲು ಚೌಕ ಮಾಡಿದೆ. ಅವ್ವ ನೋಡಿ, "ಈಗ ಆತು" ಅಂದಳು.

ಓಣಿಯ ಹೆಣ್ಣುಮಕ್ಕಳು ಈಗ ಸಂಜೆ ಎಲಿ ಎತ್ತಲು ಬರುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಮದುವೆ ಯಾವಾಗ, ರಿಸಲ್ಟ್ ಏನಾಗುತ್ತದೆ ಎಂದು ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ. ಕೆಲವರಿಗೆ ನಿರಾಸೆ ಆಗುತ್ತದೆ, ಮತ್ತೆ ಬರುವುದಿಲ್ಲ. ಉಳಿದವರು ಕೂತು ಮಾತಾಡುತ್ತಾರೆ. ಡೋಣಿಯ ಕಾರ್ಡು ಬಂದರೆ ಒಬ್ಬಾಕೆ ಗಂಡನ ಬಗ್ಗೆ ಹೇಳಿದಳು, ಇನ್ನೊಬ್ಬಾಕೆ ಸಂಘದ ಸಾಲದ ಬಗ್ಗೆ. ಒಬ್ಬ ಹುಡುಗಿ ಬಾರಾ ಕಮಾನ್ ನೋಡಿ, "ಇದು ನನ್ನ ಬಿ.ಎಡ್" ಅಂತ ಅಂದು ತಾನೇ ನಕ್ಕಳು. ಗಣಿತದ ಸರ್ ಅಣ್ಣನ ಮನೆಗೆ ಹೋದರೋ ಇಲ್ಲವೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ಅವ್ವನಿಗೆ ಇನ್ನೊಂದು ಎಲಿ ಎತ್ತು ಎಂದು ಎಷ್ಟು ಸಲ ಹೇಳಿದರೂ ಎತ್ತುವುದಿಲ್ಲ. ಹೋದ ವಾರ ಊರಿಗೆ ಹೊರಟಿದ್ದಳು. ಬಸ್ಸಿಗೆ ಹೊತ್ತಿತ್ತು, ನಾನು ಮತ್ತೆ ಡೆಕ್ ಮುಂದೆ ಹಿಡಿದೆ. ಅವ್ವ ಸೊಂಟದ ಚೀಲದಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದಳು. "ಕಂಡಕ್ಟರ್ ಕೇಳೂದು ಇದೊಂದ ಎಲಿ. ಇದ್ದರ ಪುಕ್ಕಟ ಬಿಡತಾನ. ನಿನ್ನವು ನೀನ ಇಟಗೊ."